ಗೋಧಿ ಒಗ್ಗದವರಿಗೆ ರಾಗಿಯೇ ಆಧಾರ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ರೈತ ಬಾಂಧವರೆಲ್ಲರಿಗೂ ತಿಳಿದದ್ದೇ. ಈ ಗಾದೆಯ ಎರಡು ಭಾಗಗಳೂ ಪೂರ್ತಿಯಾಗಿ ಒಪ್ಪುವ ಕಾಯಿಲೆಯೊಂದಿದೆ. ಅದಕ್ಕೆ ಸೀಲಿಯಾಕ್ ರೋಗ ಎಂದು ಹೆಸರು. ಗೋಧಿ ಮೈಗೆ ಒಗ್ಗದಿರುವುದೇ ಈ ರೋಗದ ಮೂಲ. ಇದನ್ನು ವಾಸಿಮಾಡುವ ಗುಳಿಗೆಯಿಲ್ಲ, ಚುಚ್ಚುಮದ್ದಿಲ್ಲ. ಊಟವೊಂದೇ ಔಷಧ. ಗೋಧಿಯನ್ನು ಪೂರ್ತಿಯಾಗಿ ಬಿಟ್ಟವರು ಎಲ್ಲರಂತೆ ದುಡಿದು, ಓದಿ, ಸಂಸಾರ ಮಾಡಿಕೊಂಡು ಬಾಳಬಹುದು. ಬಿಡದಿದ್ದರೆ ದಿನೇ ದಿನೇ ಸೊರಗುತ್ತಾರೆ.

ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿ ರಾಗಿ, ಮುಸುಕಿನ ಜೋಳ, ನೆಲಗಡಲೆ, ಅವರೆ, ಹುರುಳಿ ಬೆಳೆಯುವ ಸೀಮೆ. ಇಂಥ ಕಡೆ ಹುಟ್ಟಿದವರಿಗೆ ಬೇಕಾದ ಔಷಧ ಅವರ ಹೊಲದಲ್ಲೇ ಬೆಳೆಯುತ್ತದೆ. ಆದರೆ ಹೊಲದಿಂದ ತಟ್ಟೆಗೆ ಬರುವ ದಾರಿಯಲ್ಲಿ, ಗಿರಣಿಯಲ್ಲಿ, ಅಂಗಡಿಯಲ್ಲಿ, ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ, ಗೋಧಿ ಅರಿವಿಲ್ಲದೆ ಸೇರಿಕೊಳ್ಳುತ್ತದೆ. ಅದನ್ನು ತಡೆಯುವ ಬಗೆ ಹೇಗೆ, ಯಾರ ನೆರವು ಪಡೆಯಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ರೋಗದ ಸ್ವರೂಪ

ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟುಗುಣದ ಸಸಾರಜನಕವಿದೆ. ಚಪಾತಿ ಹಿಟ್ಟು ಎಳೆದರೆ ಹರಿಯದೆ ಹಿಗ್ಗುವುದು ಈ ಅಂಟಿನಿಂದಲೇ. ರಾಗಿ ಹಿಟ್ಟಿನಲ್ಲಿ ಇದಿಲ್ಲ. ಆದ್ದರಿಂದಲೇ ರಾಗಿ ರೊಟ್ಟಿಯನ್ನು ಲಟ್ಟಿಸಲಾಗದು, ಕೈಯಿಂದ ತಟ್ಟಬೇಕು.

ನಮ್ಮ ಸಣ್ಣಕರುಳಿನ ಒಳಮೈಯಲ್ಲಿ ಬೆರಳಿನಾಕಾರದ ಅತಿ ಸೂಕ್ಷ್ಮ ಎಳೆಗಳು ದಟ್ಟವಾಗಿ ನಿಂತಿವೆ. ಗಿಡದ ಬೇರಿಗೆ ಬೇರುರೋಮಗಳಿದ್ದಂತೆ ಕರುಳಿಗೆ ಈ ಎಳೆಗಳು. ಆಹಾರದ ಸಾರವನ್ನು ಹೀರಿಕೊಳ್ಳುವುದು ಇವುಗಳ ಕೆಲಸ. ಸೀಲಿಯಾಕ್ ರೋಗವಿರುವವರು ಗ್ಲುಟೆನ್ ತಿಂದಾಗ ಅವರ ದೇಹದ ರಕ್ಷಣಾ ಶಕ್ತಿಯೇ ತಿರುಗಿಬಿದ್ದು ಈ ಎಳೆಗಳನ್ನು ನಾಶಮಾಡುತ್ತದೆ. ಬೇರುರೋಮ ಸತ್ತ ಗಿಡಕ್ಕೆ ಎಷ್ಟು ಗೊಬ್ಬರ ಹಾಕಿದರೂ ಅದು ಏಳುವುದಿಲ್ಲ. ಹಾಗೆಯೇ ಈ ರೋಗಿಗಳು ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ.

ಗೋಧಿಯೇ ಇದಕ್ಕೆ ಕಾರಣವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಅವರಿಗೆ ಮೊದಲೇ ಗೋಧಿಯ ಮೇಲೆ ಅನುಮಾನವಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಬರ ಬಿದ್ದು ಬ್ರೆಡ್ಡು ಸಿಗದಂತಾಯಿತು. ಊರಿಗೆ ಊರೇ ಹಸಿದಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದೊಡನೆ ರೋಗವೂ ಮರಳಿತು. 1950ರಲ್ಲಿ ಅವರು ತಮ್ಮ ಸಂಶೋಧನೆಯನ್ನು ಪ್ರಬಂಧವಾಗಿ ಮಂಡಿಸಿದರು.

ಈ ರೋಗದ ಒಲವು ವಂಶದಲ್ಲಿ ಬರುತ್ತದೆ. ಇದು ಅಂಟುರೋಗವಲ್ಲ. ಜೊತೆಯಲ್ಲಿ ಉಣ್ಣುವುದರಿಂದ, ಮುಟ್ಟುವುದರಿಂದ ಹರಡುವುದಿಲ್ಲ.

ರಾಗಿ ಸೀಮೆಯಲ್ಲೂ ಬರುತ್ತದೆಯೇ?

ಈ ಪ್ರಶ್ನೆ ಸಹಜ. ನಮ್ಮ ದೇಶದ ಮೂರು ಭಾಗಗಳಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಈ ರೋಗವನ್ನು ಸೂಚಿಸುವ ಪ್ರತಿಕಾಯಗಳು ಉತ್ತರ ಭಾರತದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಮಂದಿಯ ರಕ್ತದಲ್ಲಿ ಕಂಡುಬಂದವು. ಆದರೆ ರೋಗಕ್ಕೆ ಎಡೆಮಾಡುವ ವಂಶಗುಣ ಮೂರೂ ಕಡೆ ಸರಿಸುಮಾರು ಒಂದೇ ಪ್ರಮಾಣದಲ್ಲಿತ್ತು. ವ್ಯತ್ಯಾಸವಿದ್ದದ್ದು ಊಟದಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದದ್ದು ಕೇವಲ 25 ಗ್ರಾಂ.

ಎಂದರೆ, ಬೀಜ ನಮ್ಮಲ್ಲೂ ಇದೆ, ಆದರೆ ಗೋಧಿಯೆಂಬ ತೇವ ಸಾಲದೆ ಅದು ಹೆಚ್ಚಾಗಿ ಮೊಳೆಯದೆ ಉಳಿದಿದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಗೋಧಿ ಹಬ್ಬ ಹರಿದಿನಗಳ ವಸ್ತುವಾಗಿತ್ತು. ಇಂದು ಬನ್ನು, ಬಿಸ್ಕತ್ತು, ಪರೋಟ, ಗೋಬಿ ಮಂಚೂರಿ ಎಲ್ಲ ಊರುಗಳಿಗೂ ಬಂದಿವೆ. ರೋಗ ಅಪರೂಪವಾಗಿರುವುದರಿಂದಲೇ ಅದರ ಕಡೆಗೆ ಯಾರ ಗಮನವೂ ಹರಿಯದಿರುವ ಅಪಾಯವಿದೆ.

ಲಕ್ಷಣಗಳು

ಒಂದು ಮನೆಯನ್ನು ಊಹಿಸಿಕೊಳ್ಳಿ. ಎಂಟು ವರ್ಷದ ಮಗು, ನೋಡಿದರೆ ಐದು ವರ್ಷದಂತಿದೆ. ಹೊಟ್ಟೆ ಉಬ್ಬರ, ಆಗಾಗ್ಗೆ ಭೇದಿ, ಮುಖದಲ್ಲಿ ರಕ್ತವಿಲ್ಲ. ಜಂತುಹುಳುವಿಗೆ ಔಷಧ ಕೊಟ್ಟಾಯಿತು, ಕಬ್ಬಿಣದಂಶದ ಟಾನಿಕ್ಕು ಕುಡಿಸಿದ್ದಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಮಗು ಬಡಕಲಾಗಿದೆಯೆಂಬ ಮರುಕದಿಂದ ತಾಯಿ ದಿನವೂ ಹಾಲಿಗೆ ಬಿಸ್ಕತ್ತು ಅದ್ದಿ ಕೊಡುತ್ತಾಳೆ, ಗೋಧಿ ಗಂಜಿ ಕಾಯಿಸುತ್ತಾಳೆ. ಈ ಮಗುವಿಗೆ ಸೀಲಿಯಾಕ್ ರೋಗವಿದ್ದ ಪಕ್ಷದಲ್ಲಿ, ಪ್ರೀತಿಯಿಂದ ಕೊಟ್ಟ ಆ ತುತ್ತೇ ಅದನ್ನು ಕೊರೆಯುತ್ತಿರುತ್ತದೆ.

ಕೆಳಗಿನ ಲಕ್ಷಣಗಳು ಬಹುಕಾಲ ಉಳಿದರೆ ವೈದ್ಯರಲ್ಲಿ ಈ ರೋಗದ ಬಗ್ಗೆ ಕೇಳಿ:

1. ವಾಸಿಯಾಗದ ಭೇದಿ, ಹೊಟ್ಟೆ ಉಬ್ಬರ, ಕೆಲವರಲ್ಲಿ ಮಲಬದ್ಧತೆ.
2. ಮಕ್ಕಳು ಎತ್ತರ, ತೂಕ ಪಡೆಯದಿರುವುದು, ತಡವಾಗಿ ಪ್ರಾಯಕ್ಕೆ ಬರುವುದು.
3. ಕಬ್ಬಿಣದಂಶದ ಗುಳಿಗೆಗೂ ಬಗ್ಗದ ರಕ್ತಹೀನತೆ.
4. ಮೂಳೆ ಸವೆತ, ಸದಾ ಆಯಾಸ, ಬಾಯಿಹುಣ್ಣು.
5. ಕೆಲವು ಹೆಣ್ಣುಮಕ್ಕಳಲ್ಲಿ ಗರ್ಭ ನಿಲ್ಲದಿರುವುದು.

ಇವೇ ಲಕ್ಷಣಗಳು ಬೇರೆ ಕಾಯಿಲೆಗಳಲ್ಲೂ ಇರುತ್ತವೆ. ಆದ್ದರಿಂದ ಊಹೆಯ ಮೇಲೆ ನಡೆಯಬಾರದು.

ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ

ಇದು ಬಹು ಮುಖ್ಯವಾದ ಮಾತು. ವೈದ್ಯರು ಮೊದಲು ಟಿ.ಟಿ.ಜಿ. ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಅಗತ್ಯ ಕಂಡರೆ ಬಾಯಿಯ ಮೂಲಕ ದುರ್ಬೀನು ನಳಿಕೆ ಇಳಿಸಿ ಸಣ್ಣಕರುಳಿನ ಚೂರನ್ನು ತೆಗೆದು ಪರೀಕ್ಷಿಸುತ್ತಾರೆ. ಗೋಧಿ ತಿನ್ನುತ್ತಿದ್ದಾಗ ಮಾತ್ರ ಈ ಪರೀಕ್ಷೆಗಳಲ್ಲಿ ರೋಗ ಸರಿಯಾಗಿ ಕಾಣುತ್ತದೆ. ಯಾರೋ ಹೇಳಿದರೆಂದು ಮೊದಲೇ ಗೋಧಿ ಬಿಟ್ಟು ಹೋದರೆ ಕರುಳು ಅಷ್ಟರಮಟ್ಟಿಗೆ ಮಾಗಿ, ರೋಗ ಇದ್ದರೂ ಇಲ್ಲವೆಂದು ವರದಿ ಬರಬಹುದು.

ಮೊದಲು ಗೌರಿಬಿದನೂರಿನ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ಹೆಚ್ಚಿನ ಪರೀಕ್ಷೆ ಬೇಕಾದಾಗ ಬೆಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಚೀಟಿ ಪಡೆಯಬಹುದು. ಅಲ್ಲಿ ಮಕ್ಕಳಿಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ದೊಡ್ಡವರಿಗೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ ಮತ್ತು ಕರುಳಿನ ರೋಗಗಳ ಸರ್ಕಾರಿ ಸಂಸ್ಥೆ ಇದೆ. ಒಬ್ಬರಿಗೆ ರೋಗ ಖಚಿತವಾದರೆ ಒಡಹುಟ್ಟಿದವರು, ತಂದೆತಾಯಿ, ಮಕ್ಕಳು ಸಹ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ತಿನ್ನಬಹುದಾದದ್ದು, ಬಿಡಬೇಕಾದದ್ದು

ಧಾರಾಳವಾಗಿ ತಿನ್ನಬಹುದಾದ ಧಾನ್ಯಗಳು: ರಾಗಿ, ಅಕ್ಕಿ, ಜೋಳ, ಮುಸುಕಿನ ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು. ಇವುಗಳ ಜೊತೆಗೆ ಎಲ್ಲ ಬೇಳೆಕಾಳು, ತರಕಾರಿ, ಸೊಪ್ಪು, ಹಣ್ಣು, ಮೊಟ್ಟೆ, ಮೀನು, ಮಾಂಸ, ಮೊಸರು, ಮಜ್ಜಿಗೆ, ಎಣ್ಣೆ, ಬೆಲ್ಲ ಸೇವಿಸಬಹುದು. ಆರಂಭದ ಕೆಲವು ವಾರ ಕೆಲವರಿಗೆ ಹಾಲು ಜೀರ್ಣವಾಗದೆ ಇರಬಹುದು. ಕರುಳು ಸುಧಾರಿಸಿದಂತೆ ಅದೂ ಒಗ್ಗುತ್ತದೆ.

ಇಂಡಾಫ್ ತಳಿಗಳಾಗಲಿ, ಜಿ.ಪಿ.ಯು-28 ಆಗಲಿ, ಎಂ.ಎಲ್-365 ಆಗಲಿ, ಯಾವ ತಳಿಯ ರಾಗಿಯಲ್ಲೂ ಗ್ಲುಟೆನ್ ಇರುವುದಿಲ್ಲ. ಜೊತೆಗೆ 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇದು 10 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಮೂಳೆ ಸವೆದ ಈ ರೋಗಿಗಳಿಗೆ ಅಕ್ಕಿಗಿಂತ ರಾಗಿ ಏಕೆ ಮೇಲೆಂಬುದು ಇದರಿಂದ ತಿಳಿಯುತ್ತದೆ.

ಪೂರ್ತಿ ಬಿಡಬೇಕಾದವು: ಗೋಧಿ, ಖಪ್ಲಿ ಗೋಧಿ, ಮೈದಾ, ಚಿರೋಟಿ ರವೆ, ಬೊಂಬಾಯಿ ರವೆ, ಗೋಧಿ ಶಾವಿಗೆ, ಬಾರ್ಲಿ, ಬಾರ್ಲಿ ಮಾಲ್ಟ್ ಸೇರಿದ ಪಾನೀಯದ ಪುಡಿಗಳು, ಬೇಕರಿಯ ಬ್ರೆಡ್ಡು, ಬನ್ನು, ರಸ್ಕು, ಬಿಸ್ಕತ್ತು, ಬಿಯರು. ನಾಟಿ ಗೋಧಿಯಾದರೆ ಚಿಂತೆಯಿಲ್ಲ ಎಂಬುದು ತಪ್ಪು ತಿಳುವಳಿಕೆ. ಓಟ್ಸ್ ಹೆಚ್ಚಾಗಿ ಗೋಧಿಯೊಡನೆ ಬೆರೆತಿರುವುದರಿಂದ ವೈದ್ಯರನ್ನು ಕೇಳದೆ ತಿನ್ನಬೇಡಿ.

ಎಚ್ಚರದಿಂದ ನೋಡಬೇಕಾದವೂ ಕೆಲವಿವೆ. ಡಬ್ಬಿಯ ಹಿಂಗಿಗೆ ಬಹಳ ಸಲ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಕೋಡುಬಳೆ, ನಿಪ್ಪಟ್ಟು, ಚಕ್ಕುಲಿಗಳಿಗೆ ಅಕ್ಕಿ ಹಿಟ್ಟಿನ ಜೊತೆ ಮೈದಾ ಅಥವಾ ರವೆ ಸೇರಿಸುವ ರೂಢಿಯಿದೆ. ಸೋಯಾ ಸಾಸಿನಲ್ಲಿ ಗೋಧಿಯಿರುತ್ತದೆ. ಎಲ್ಲಕ್ಕಿಂತ ಮೋಸಹೋಗುವುದು ‘ರಾಗಿ’ ಎಂಬ ಹೆಸರಿಗೆ. ಅಂಗಡಿಯ ರಾಗಿ ಬಿಸ್ಕತ್ತು, ರಾಗಿ ಶಾವಿಗೆ, ರಾಗಿ ದೋಸೆ ಪುಡಿಗಳಲ್ಲಿ ಗೋಧಿಯೋ ಮೈದಾವೋ ಸೇರಿರುವುದುಂಟು. ಪೊಟ್ಟಣದ ಮುಂಭಾಗದ ಚಿತ್ರ ನೋಡಬೇಡಿ, ಹಿಂಭಾಗದ ಪದಾರ್ಥಗಳ ಪಟ್ಟಿ ಓದಿ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ‘ಗ್ಲುಟೆನ್ ಮುಕ್ತ’ ಎಂದು ಬರೆದ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು.

ಗಿರಣಿಯಲ್ಲಿ ಆಗುವ ಬೆರಕೆ

ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಹೊಟ್ಟೆಗೆ ಹೋದರೂ ಕರುಳು ಕೆಡುವುದೆಂದು ಸಂಶೋಧನೆಗಳಿಂದ ತಿಳಿದಿದೆ. ಗೋಧಿ ಹಿಟ್ಟಿನ ಹತ್ತರಲ್ಲೊಂದು ಪಾಲು ಗ್ಲುಟೆನ್ ಎಂದು ಹಿಡಿದರೆ, 50 ಮಿಲಿಗ್ರಾಂ ಎಂದರೆ ಅರ್ಧ ಗ್ರಾಂ ಹಿಟ್ಟು, ಅಂದರೆ ಒಂದು ಚಿಟಿಕೆ.

ಈಗ ಗಿರಣಿಯ ಲೆಕ್ಕ ನೋಡೋಣ. ನಿಮ್ಮ ಮುಂದಿನವರು ಗೋಧಿ ಬೀಸಿಸಿಕೊಂಡು ಹೋಗಿದ್ದಾರೆ. ಕಲ್ಲಿನ ಸಂದಿಯಲ್ಲಿ, ಬಟ್ಟೆಯ ಚೀಲದಲ್ಲಿ 10 ಗ್ರಾಂ ಗೋಧಿ ಹಿಟ್ಟು ಉಳಿದಿದೆ ಎಂದುಕೊಳ್ಳಿ. ಅದರ ಮೇಲೆ ನಿಮ್ಮ 10 ಕಿಲೋ ರಾಗಿ ಬಿತ್ತು. ಆ 10 ಗ್ರಾಂ ಹಿಟ್ಟಿನಲ್ಲಿ 1 ಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ನಿಮ್ಮ ರಾಗಿ ಹಿಟ್ಟಿನಲ್ಲಿ ಕಿಲೋಗೆ 100 ಮಿಲಿಗ್ರಾಂ, ಸುರಕ್ಷಿತ ಮಿತಿಯ ಐದು ಪಟ್ಟು. ಮನೆಯಲ್ಲಿ ಗೋಧಿಯ ಸೋಂಕೇ ಇಲ್ಲದಂತೆ ನೋಡಿಕೊಂಡರೂ ಮಗು ಗುಣವಾಗದಿದ್ದರೆ ಇಂಥ ಕಡೆ ಹುಡುಕಬೇಕು.

ಇದಕ್ಕೆ ಪರಿಹಾರಗಳು:

1. ಮನೆಯ ಮೂಲೆಯಲ್ಲಿರುವ ರಾಗಿ ಕಲ್ಲನ್ನು ತೊಳೆದು ಮತ್ತೆ ಬಳಸಿ. ಅದರಲ್ಲಿ ಗೋಧಿ ಬೀಸದಿದ್ದರೆ ಅದಕ್ಕಿಂತ ಸುರಕ್ಷಿತವಾದ ಗಿರಣಿಯಿಲ್ಲ. ರೋಗಿಯೊಬ್ಬರಿಗೆ ಬೇಕಾದ ಹಿಟ್ಟನ್ನು ವಾರಕ್ಕೊಮ್ಮೆ ಬೀಸಿಕೊಳ್ಳಬಹುದು. ಅನುಕೂಲವಿದ್ದವರು ಮನೆಬಳಕೆಯ ಚಿಕ್ಕ ಹಿಟ್ಟಿನ ಯಂತ್ರ ಕೊಂಡು ಅದಕ್ಕೆ ಗೋಧಿ ಹಾಕದೆ ಇಟ್ಟುಕೊಳ್ಳಬಹುದು.
2. ಊರ ಗಿರಣಿಗೇ ಹೋಗಬೇಕಾದರೆ ಮಾಲೀಕರಿಗೆ ವಿಷಯ ತಿಳಿಸಿ. ರಾಗಿಗೆ ಬೇರೆ ಕಲ್ಲಿದ್ದರೆ ಅದರಲ್ಲೇ ಬೀಸಿಸಿ. ಇಲ್ಲವಾದರೆ ಯಂತ್ರವನ್ನು ಚೊಕ್ಕಟ ಮಾಡಿಸಿ, ಬೆಳಿಗ್ಗೆ ಮೊದಲ ಪಾಳಿಯಲ್ಲಿ ಬೀಸಿಸಿ. ಮೊದಲು ಬಂದ ಎರಡು ಮೂರು ಕಿಲೋ ಹಿಟ್ಟನ್ನು ಮನೆಯ ಇತರರಿಗೋ ದನಕರುಗಳಿಗೋ ತೆಗೆದಿಟ್ಟು, ನಂತರದ ಹಿಟ್ಟನ್ನು ರೋಗಿಗೆ ಬಳಸಿ. ಇದರಿಂದ ಬೆರಕೆ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ತಪ್ಪುವುದಿಲ್ಲ. ಆದ್ದರಿಂದ ಮನೆಯ ಕಲ್ಲೇ ಮೇಲು.
3. ರಾಗಿಯನ್ನು ಗೋಧಿ, ಮೈದಾ ತುಂಬಿದ್ದ ಹಳೆಯ ಚೀಲಗಳಲ್ಲಿ ತುಂಬಬೇಡಿ. ರೋಗಿಯ ಪಾಲಿನ ರಾಗಿಯನ್ನು ಸುಗ್ಗಿಯಲ್ಲೇ ಬೇರೆ ತೆಗೆದು, ಕೇರಿ, ತೊಳೆದು ಒಣಗಿಸಿ, ಗುರುತು ಹಾಕಿ ಇಡಿ.

ಅಡುಗೆಮನೆಯಲ್ಲಿ

ಮನೆಮಂದಿಯೆಲ್ಲ ಗೋಧಿ ಬಿಡಬೇಕಾಗಿಲ್ಲ. ಆದರೆ ರೋಗಿಗೆ ಪ್ರತ್ಯೇಕವಾದ ಜರಡಿ, ಮುದ್ದೆ ಕೋಲು, ಹೆಂಚು, ಹಿಟ್ಟಿನ ಡಬ್ಬ ಇರಲಿ. ಮುದ್ದೆ ಕಟ್ಟುವ ಮಣೆಯ ಮೇಲೆ ಚಪಾತಿ ಲಟ್ಟಿಸಕೂಡದು. ಮರದ ಸಂದಿಯಲ್ಲಿ ಹಿಟ್ಟು ನಿಲ್ಲುತ್ತದೆ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿ. ಮೊದಲು ರೋಗಿಯ ಅಡುಗೆ ಮುಗಿಸಿ ಮುಚ್ಚಿಟ್ಟು, ನಂತರ ಗೋಧಿಯ ಕೆಲಸಕ್ಕೆ ಕೈಹಾಕಿ.

ನಮ್ಮ ಕಡೆಯ ಮುದ್ದೆ, ಬಸ್ಸಾರು, ಉಪ್ಸಾರು, ಮೊಳಕೆ ಹುರುಳಿ ಸಾರು, ಹಿದುಕಿದ ಅವರೆಬೇಳೆ, ಅಂಬಲಿ, ರಾಗಿ ರೊಟ್ಟಿ, ಅಕ್ಕಿ ರೊಟ್ಟಿ, ಒತ್ತು ಶಾವಿಗೆ, ಮನೆಯಲ್ಲೇ ಮಾಡಿದ ರಾಗಿ ಹುರಿಹಿಟ್ಟು, ಇವುಗಳಲ್ಲಿ ಯಾವುದಕ್ಕೂ ಗೋಧಿ ಬೇಕಿಲ್ಲ. ಮಗುವಿಗೆ ಬಿಸ್ಕತ್ತಿನ ಬದಲು ನೆಲಗಡಲೆ ಉಂಡೆ, ಎಳ್ಳುಂಡೆ, ಹುರಿಹಿಟ್ಟಿನ ಉಂಡೆ ಕೊಡಿ.

ಹೋಟೆಲು, ಮದುವೆ, ಜಾತ್ರೆ

ಸಂತೆಗೆ, ಕೋರ್ಟು ಕಚೇರಿಗೆ ಗೌರಿಬಿದನೂರಿಗೋ ಹಿಂದೂಪುರಕ್ಕೋ ಹೋದಾಗ ಹೊರಗೆ ತಿನ್ನಬೇಕಾಗುತ್ತದೆ. ಹೋಟೆಲಿನಲ್ಲಿ ಹಬೆಯಲ್ಲಿ ಬೆಂದ ಇಡ್ಲಿ, ಬಿಳಿ ಅನ್ನ, ಮೊಸರು, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಹೆಚ್ಚುಕಡಿಮೆ ಸುರಕ್ಷಿತ. ಇಡ್ಲಿಗೆ ಅಕ್ಕಿ ತರಿಯೇ ಹಾಕಿದೆಯೇ ಎಂದು ಕೇಳಿ. ರವೆ ಇಡ್ಲಿ, ಉಪ್ಪಿಟ್ಟು, ಕೇಸರಿಬಾತು, ಪೂರಿ, ಪರೋಟ ಬೇಡ. ದೋಸೆ ಅಕ್ಕಿಯದಾದರೂ ಅದೇ ಹೆಂಚಿನ ಮೇಲೆ ರವೆ ದೋಸೆ ಹುಯ್ದಿರುತ್ತಾರೆ, ಕೆಲವರು ಹಿಟ್ಟಿಗೆ ಮೈದಾ ಸೇರಿಸುತ್ತಾರೆ. ಬೋಂಡ, ಬಜ್ಜಿ, ವಡೆಗಳನ್ನು ಕರಿಯುವ ಬಾಣಲೆಯಲ್ಲೇ ಪೂರಿಯೂ ಬೇಯುತ್ತದೆ. ಸಾಂಬಾರಿಗೆ ಹಾಕಿದ ಹಿಂಗು ಯಾವುದೆಂದು ಗೊತ್ತಾಗದಿದ್ದರೆ ಮೊಸರಿನಲ್ಲಿ ಉಣ್ಣುವುದೇ ಕ್ಷೇಮ. ಮುದ್ದೆ ಊಟದ ಹೋಟೆಲುಗಳು ಉತ್ತಮ. ಆದರೂ ಹಿಟ್ಟು ಬರೀ ರಾಗಿಯದೇ ಎಂದು ಕೇಳಿಕೊಳ್ಳಿ. ದೂರದ ಪ್ರಯಾಣಕ್ಕೆ ಹುರಿಹಿಟ್ಟು, ಅವಲಕ್ಕಿ, ಬೆಲ್ಲ ಕಟ್ಟಿಕೊಂಡು ಹೋಗುವ ಹಿರಿಯರ ಪದ್ಧತಿ ಈ ರೋಗಿಗಳಿಗೆ ಬಹಳ ಅನುಕೂಲ.

ಒಂದು ಚೀಟಿಯನ್ನು ಬರೆದು ಜೇಬಿನಲ್ಲಿಟ್ಟುಕೊಳ್ಳಿ: ‘ನನಗೆ ಗೋಧಿ, ಮೈದಾ, ರವೆ, ಬಾರ್ಲಿ ಸೇರಿದ ಯಾವುದನ್ನೂ ತಿನ್ನಬಾರದ ಕಾಯಿಲೆ ಇದೆ. ಒಂದು ಚಿಟಿಕೆಯೂ ಆಗದು. ಅಕ್ಕಿ, ರಾಗಿ, ಜೋಳ, ಬೇಳೆ, ತರಕಾರಿ, ಮೊಸರು ಆಗುತ್ತದೆ. ದಯಮಾಡಿ ಬೇರೆ ಸೌಟು, ಬೇರೆ ಪಾತ್ರೆ ಬಳಸಿ.’ ನಮ್ಮದು ಗಡಿ ಸೀಮೆಯಾದ್ದರಿಂದ ಇದನ್ನು ತೆಲುಗಿನಲ್ಲೂ ಬರೆಸಿಕೊಳ್ಳಿ. ಬಾಯಿಮಾತಿಗಿಂತ ಬರಹಕ್ಕೆ ಅಡಿಗೆಯವರು ಹೆಚ್ಚು ಬೆಲೆ ಕೊಡುತ್ತಾರೆ.

ಮದುವೆ ಮನೆಯಲ್ಲಿ ಹೋಳಿಗೆ, ಚಿರೋಟಿ, ಜಾಮೂನು, ಶಾವಿಗೆ ಪಾಯಸ ಆಗದು. ಕೋಸಂಬರಿ, ಪಲ್ಯ, ಅನ್ನ, ಮಜ್ಜಿಗೆ ಆಗುತ್ತದೆ, ಆದರೆ ಒಗ್ಗರಣೆಯ ಹಿಂಗಿನ ವಿಷಯ ಕೇಳಿಕೊಳ್ಳಿ. ಮೊದಲ ಪಂಕ್ತಿಯಲ್ಲಿ ಕೂತರೆ ಸೌಟುಗಳು ಅದಲುಬದಲಾಗುವ ಮೊದಲೇ ಊಟ ಮುಗಿಯುತ್ತದೆ. ಸತ್ಯನಾರಾಯಣ ಪೂಜೆಯ ಪ್ರಸಾದ ಸಾಮಾನ್ಯವಾಗಿ ಗೋಧಿ ರವೆಯ ಸಜ್ಜಿಗೆ. ಪ್ರಸಾದವನ್ನು ನಿರಾಕರಿಸಲು ಹಿರಿಯರಿಗೆ ಮನಸ್ಸು ಬಾರದು, ‘ದೇವರ ಪ್ರಸಾದ, ಒಂದು ಚೂರಿಗೆ ಏನಾಗುತ್ತದೆ’ ಎನ್ನುವವರಿದ್ದಾರೆ. ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟು, ಕೈ ತೊಳೆದು, ತೀರ್ಥ ಹಾಗೂ ಹಣ್ಣನ್ನು ಸ್ವೀಕರಿಸಿದರೆ ಭಕ್ತಿಗೇನೂ ಕುಂದಿಲ್ಲ. ವಿದುರಾಶ್ವತ್ಥದ ಜಾತ್ರೆಯಲ್ಲಿ ಮಗು ಬೆಂಡು ಬತ್ತಾಸಿನಂಗಡಿಯ ಮುಂದೆ ಹಟ ಹಿಡಿದರೆ ಕೊಡಲು ಮನೆಯಿಂದಲೇ ಏನಾದರೂ ಸಿಹಿ ತಂದಿರಿ.

ನೆರವು ಎಲ್ಲಿ?

ಅಂಗನವಾಡಿ ಕಾರ್ಯಕರ್ತೆಗೂ ಶಾಲೆಯ ಮುಖ್ಯೋಪಾಧ್ಯಾಯರಿಗೂ ವೈದ್ಯರ ಚೀಟಿಯ ಪ್ರತಿ ಕೊಡಿ. ಪೌಷ್ಟಿಕ ಹಿಟ್ಟಿನಲ್ಲಿ ಗೋಧಿಯಿದೆಯೇ, ಬಿಸಿಯೂಟದಲ್ಲಿ ಯಾವ ದಿನ ರವೆ ಬಳಸುತ್ತಾರೆ ಎಂದು ತಿಳಿದುಕೊಂಡು, ಆ ದಿನ ಮನೆಯಿಂದ ಬುತ್ತಿ ಕಟ್ಟಿ. ಹಾಸ್ಟೆಲಿಗೆ ಸೇರಿಸುವಾಗ ವಾರ್ಡನರಿಗೂ ಅಡಿಗೆಯವರಿಗೂ ಮೊದಲೇ ಹೇಳಿ. ಊರಿನ ಆಶಾ ಕಾರ್ಯಕರ್ತೆ ಮಗುವಿನ ತೂಕ, ರಕ್ತದ ಮಟ್ಟಗಳ ಮೇಲೆ ಕಣ್ಣಿಡಲು ನೆರವಾಗಬಲ್ಲರು.

ಚಿಂತಾಮಣಿ ತಾಲ್ಲೂಕಿನ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ, ರಾಗಿ ಮತ್ತು ಸಿರಿಧಾನ್ಯಗಳಿಂದ ಮೈದಾ ಸೇರಿಸದೆ ಮಾಡಬಹುದಾದ ತಿಂಡಿಗಳ ಬಗ್ಗೆ ಕೇಳಿ. ಸ್ತ್ರೀಶಕ್ತಿ ಸಂಘದವರು ಗೋಧಿಯ ಸೋಂಕಿಲ್ಲದೆ ಬೇರೆ ಕಲ್ಲಿನಲ್ಲಿ ರಾಗಿ ಬೀಸುವ ವ್ಯವಸ್ಥೆ ಮಾಡಿದರೆ ರೋಗಿಗಳಿಗೂ ಉಪಕಾರ, ಸಂಘಕ್ಕೂ ಸಂಪಾದನೆ. ದೆಹಲಿಯಲ್ಲಿ ಸೀಲಿಯಾಕ್ ಸೊಸೈಟಿ ಆಫ್ ಇಂಡಿಯಾ ಎಂಬ ರೋಗಿಗಳ ಸಂಸ್ಥೆಯಿದೆ. ಹತ್ತಿರದಲ್ಲಿ ಇದೇ ರೋಗದ ಇನ್ನೊಂದು ಮನೆ ಇದೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ, ಅವರೊಪ್ಪಿದರೆ ಪರಿಚಯ ಮಾಡಿಕೊಳ್ಳಿ. ಒಬ್ಬ ತಾಯಿಗೆ ಇನ್ನೊಬ್ಬ ತಾಯಿಯ ಅನುಭವ ದೊಡ್ಡ ಧೈರ್ಯ.

ಕೊನೆಯದಾಗಿ ಒಂದು ಮಾತು. ಮದುವೆಗೆ ಬಂದ ಹೆಣ್ಣುಮಕ್ಕಳ ರೋಗವನ್ನು ಮುಚ್ಚಿಡುವ ಮನೆಗಳುಂಟು. ಮುಚ್ಚಿಟ್ಟು ಕೊಟ್ಟರೆ ಅವಳು ಗಂಡನ ಮನೆಯಲ್ಲಿ ಬಾಯಿಬಿಡಲಾರದೆ, ಎಲ್ಲರೊಡನೆ ಚಪಾತಿ ತಿಂದು, ಮತ್ತೆ ಸೊರಗುತ್ತಾಳೆ. ಮೊದಲೇ ಹೇಳಿ. ಗೋಧಿ ಬಿಟ್ಟರೆ ಈಕೆ ಎಲ್ಲರಂತೆ ಆರೋಗ್ಯವಂತೆ ಎಂಬ ಮಾತನ್ನು ವೈದ್ಯರಿಂದಲೇ ಹೇಳಿಸಿ.

ಗೋಧಿ ಬಿಟ್ಟ ಕೆಲವು ವಾರಗಳಲ್ಲಿ ಭೇದಿ, ಉಬ್ಬರ ಕಡಿಮೆಯಾಗುತ್ತವೆ, ಮಕ್ಕಳು ಬೇಗ ಚಿಗುರುತ್ತಾರೆ. ಕರುಳು ಪೂರ್ತಿ ಮಾಗಲು ಕೆಲವು ತಿಂಗಳಿಂದ ಎರಡು ವರ್ಷ, ಕೆಲವು ದೊಡ್ಡವರಲ್ಲಿ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ವೈದ್ಯರು ಹೇಳಿದ ಕಾಲಕ್ಕೆ ರಕ್ತಪರೀಕ್ಷೆ ಮಾಡಿಸಿ. ಗುಣವಾಯಿತೆಂದು ಮತ್ತೆ ಗೋಧಿ ಮುಟ್ಟಬೇಡಿ, ಪಥ್ಯ ಜೀವನಪರ್ಯಂತ. ಊಟ ಬಲ್ಲವರಾಗಿ ರಾಗಿಯನ್ನು ಹಿಡಿಯಿರಿ. ಮಾತು ಬಲ್ಲವರಾಗಿ ಗಿರಣಿಯವರಲ್ಲಿ, ಅಡಿಗೆಯವರಲ್ಲಿ, ನೆಂಟರಲ್ಲಿ ಸಂಕೋಚವಿಲ್ಲದೆ ಕೇಳಿರಿ. ಹತ್ತು ಮಂದಿ ತಿಳಿದು ನಡೆದರೆ ಒಂದು ಮಗು ಉಳಿಯುತ್ತದೆ.